ಡಿವೋರ್ಸ್ ಮೀಡಿಯೇಷನ್‌ಗೆ ಹೋಗೋ ಮುಂಚೆ ಓದಿ: ಮುಂಬೈ-ಪುಣೆ ಕನ್ನಡಿಗರಿಗೆ ಒಂದು ಪೂರ್ತಿ ಗೈಡ್

ನಮ್ಮ ಕಡೆ ರಾಜಿ ಅಂದ ಕೂಡ್ಲೇ ಕಣ್ಣೆದುರು ಬರೋದು ಒಂದೇ ಚಿತ್ರ. ಹಾಲ್‌ನಲ್ಲಿ ಏಳೆಂಟು ಜನ ಹಿರಿಯರು, ಟೀಪಾಯ್ ಮೇಲೆ ಚಾ, ಖಾರಕಡ್ಡಿ, ಒಂದು ಮೂಲೆಲಿ ಹುಡುಗಿ ತಲೆ ತಗ್ಗಿಸ್ಕೊಂಡು, ಇನ್ನೊಂದು ಮೂಲೆಲಿ ಹುಡುಗ ಮೊಬೈಲ್ ನೋಡ್ಕೊಂಡು, ಕೊನೆಗೆ ಯಾರೋ ದೊಡ್ಡಪ್ಪ "ಆಯ್ತಲ್ಲ, ಇನ್ಮೇಲೆ ಇಬ್ರೂ ಹೊಂದ್ಕೊಂಡು ಹೋಗಿ" ಅಂತ ಪಂಚೆ ಕೊಡವ್ಕೊಂಡು ಎದ್ದುಬಿಡ್ತಾರೆ. ನಂಗೆ ಅದು ಎರಡು ಸಲ ಆಗಿತ್ತು, ಒಂದ್ಸಲ ಮುಲುಂಡ್‌ನಲ್ಲಿ ಅತ್ತೆ ಮನೇಲಿ, ಇನ್ನೊಂದ್ಸಲ ಕುಂದಾಪುರದ ನಮ್ಮನೆ ಜಗಲಿ ಮೇಲೆ. ಹಾಗಾಗಿ ಬಾಂದ್ರಾ ಕೋರ್ಟ್‌ನಲ್ಲಿ ಜಡ್ಜ್ "ಮೀಡಿಯೇಷನ್‌ಗೆ ಕಳಿಸ್ತೇನೆ" ಅಂದಾಗ ಇದು ಮೂರನೇ ಪಂಚಾತಿಗೆ ಅಂದ್ಕೊಂಡು, ಎಂತ ತಯಾರಿನೂ ಇಲ್ದೆ, ಒಂದು ಪೇಪರ್ ಕೂಡ ತಗೊಳ್ದೆ ಹೋಗಿ ಕೂತೆ, ಮೊದಲ್ನೇ ಸಿಟ್ಟಿಂಗ್ ಪೂರ್ತಿ ಅಳೋದ್ರಲ್ಲೇ ಮುಗೀತು.

ಹಾಗಾಗಿ ಮೊದಲೇ ಹೇಳ್ಬಿಡ್ತೇನೆ. ಮೀಡಿಯೇಷನ್ ಅಂದ್ರೆ ನಿಮ್ಮನ್ನ ವಾಪಸ್ ಒಂದು ಮಾಡೋದು ಅಂತಲ್ಲ. ಇಬ್ರಿಗೂ ಮನಸ್ಸಿದ್ರೆ ಅದೂ ಆಗ್ಬಹುದು, ಆದ್ರೆ ಅಲ್ಲಿ ಜಾಸ್ತಿ ನಡೆಯೋದು ಬೇರೆ ಆಗೋದು ಹೇಗೆ ಅನ್ನೋ ಲೆಕ್ಕ. ಮಗು ಯಾರ ಹತ್ರ, ದುಡ್ಡು ಎಷ್ಟು, ಚಿನ್ನ ಎಲ್ಲಿ, ಫ್ಲಾಟ್ ಯಾರಿಗೆ, ಕೇಸ್‌ಗಳು ಯಾವಾಗ ವಾಪಸ್. ಲೆಕ್ಕ ಬರ್ಕೊಂಡು ಹೋದವ್ರಿಗೆ ಇದು ಕೆಲಸಕ್ಕೆ ಬರ್ತದೆ, ಸಿಟ್ಟು ಮಾತ್ರ ಹೊತ್ಕೊಂಡು ಹೋದವ್ರಿಗೆ ಬರಲ್ಲ. ನಾನು ವಕೀಲೆ ಅಲ್ಲ, ಒಂದು ಸಲ ಇದ್ರಲ್ಲಿ ಹಾದು ಬಂದವಳು, ಆಮೇಲೆ ನಮ್ಮವರದ್ದೇ ನಾಲ್ಕೈದು ಕೇಸ್‌ನಲ್ಲಿ ಜೊತೆಗೆ ಹೋಗಿ ಹೊರಗೆ ಬೆಂಚ್ ಮೇಲೆ ಕೂತವಳು, ಅಷ್ಟೇ. ನಿಮ್ಮ ಕೇಸ್‌ನ ಸೆಕ್ಷನ್ ಗಿಕ್ಷನ್ ಎಲ್ಲ ನಿಮ್ಮ ವಕೀಲರ ಹತ್ರಾನೇ ಕನ್ಫರ್ಮ್ ಮಾಡ್ಕೊಳ್ಳಿ.

ಮೊದ್ಲು ಇದು ನಿಮ್ಗೆ ಸರಿಯಾ ನೋಡಿ

ಹೊಡೆತ ಬಡಿತ ನಡೀತಿದ್ರೆ, ಅವ್ರ ಎದುರು ಕೂತ್ರೆ ನಿಮ್ಮ ಬಾಯಿಂದ ಮಾತೇ ಹೊರಡಲ್ಲ ಅನ್ನೋ ಹೆದರಿಕೆ ಇದ್ರೆ, ಮೀಡಿಯೇಷನ್ ಆಮೇಲೆ, ಮೊದ್ಲು ಸೇಫ್ ಆಗಿ. ಮಹಿಳಾ ಹೆಲ್ಪ್‌ಲೈನ್ 181. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಪ್ರೊಟೆಕ್ಷನ್ ಆರ್ಡರ್, ಇರೋಕೆ ಮನೆ, ಖರ್ಚಿಗೆ ದುಡ್ಡು ಮೂರನ್ನೂ ಕೇಳ್ಬಹುದು. ಮುಂಬೈಯಲ್ಲಿ ಪೊಲೀಸ್ ವ್ಯವಸ್ಥೆ ಒಳಗೇ ಹೆಂಗಸರು ಮಕ್ಕಳಿಗಾಗಿ ಸ್ಪೆಷಲ್ ಸೆಲ್ ಅಂತ ಉಂಟು, 1984ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನವ್ರು ಶುರು ಮಾಡಿದ್ದು, ಅಲ್ಲಿ ಕೂರೋದು ಸೋಷಿಯಲ್ ವರ್ಕರ್‌ಗಳು. ಪುಣೆಲಿ ಪೊಲೀಸ್‌ನವ್ರದ್ದು ಭರೋಸಾ ಸೆಲ್ ಅಂತ ಇದೆ. ಅಲ್ಲಿ ಯಾರಾದ್ರೂ "ತಡ್ಕೊಳ್ಳಿ, ಮಾತಾಡಿ ಸರಿ ಮಾಡುವ" ಅಂದ್ರೆ, ನಂಗೆ ಮೊದ್ಲು ಕಂಪ್ಲೇಂಟ್ ಬರ್ಕೊಳ್ಳಿ ಅಂತ ಕೇಳೋ ಹಕ್ಕು ನಿಮ್ಗೆ ಇದ್ದೇ ಇದೆ, ನಾಚ್ಕೋಬೇಡಿ.

ಹೊಡೆತ ಇದ್ದ ಕೇಸ್‌ನಲ್ಲೂ ಕೋರ್ಟ್ ಮೀಡಿಯೇಷನ್‌ಗೆ ಕಳಿಸ್ತದೆ, 2013ರಲ್ಲಿ ಸುಪ್ರೀಂ ಕೋರ್ಟ್ 498ಎ, ಅಂದ್ರೆ ಗಂಡನ ಕಡೆಯವ್ರ ಕ್ರೌರ್ಯದ ಕೇಸ್‌ಗಳಲ್ಲೂ ಸೆಟ್ಲ್ ಆಗೋ ಲಕ್ಷಣ ಕಂಡ್ರೆ ಕಳಿಸಿ ಅಂತ ಹೇಳಿದೆ. ಆಗ ಮೀಡಿಯೇಟರ್‌ಗೆ ಮೊದಲೇ ಹೇಳಿ, ನಾನು ಅವ್ರ ಜೊತೆ ಒಂದೇ ರೂಮಲ್ಲಿ ಕೂರಲ್ಲ, ಬೇರೆ ಬೇರೆ ಕೂರಿಸಿ ಮಾತಾಡಿಸಿ ಅಂತ. ಮಾಡ್ತಾರೆ.

ಇನ್ನೊಂದು ಮುಖ್ಯ ವಿಷಯ, ಇದು ನಮ್ಮ ಹೆಣ್ಮಕ್ಕಳು ಪದೇ ಪದೇ ಮಾಡೋ ತಪ್ಪು: ಮಾತುಕತೆ ನಡೀತಿದೆಯಲ್ಲ ಅಂತ ಇಂಟರಿಮ್ ಮೇಂಟೆನೆನ್ಸ್ (ಕೇಸ್ ಮುಗಿಯೋ ತನಕ ಖರ್ಚಿಗೆ ಕೊಡೋ ದುಡ್ಡು) ಅರ್ಜಿ ಹಾಕ್ದೆ ಕೂತ್ಕೊಳ್ಳೋದು. ಹಾಕ್ಬಿಡಿ. 2020ರ ರಜನೇಶ್ ವರ್ಸಸ್ ನೇಹಾ ತೀರ್ಪಲ್ಲಿ ಮೇಂಟೆನೆನ್ಸ್ ಅರ್ಜಿ ಹಾಕಿದ ದಿನದಿಂದ ಲೆಕ್ಕ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ನೀವು ತಡ ಮಾಡಿದಷ್ಟು ತಿಂಗಳು ಹೋಯ್ತು ಅಂತ್ಲೇ ಲೆಕ್ಕ.

ಕೌನ್ಸೆಲರ್ ಬೇರೆ, ಮೀಡಿಯೇಟರ್ ಬೇರೆ

ಮಹಾರಾಷ್ಟ್ರದ ಫ್ಯಾಮಿಲಿ ಕೋರ್ಟ್‌ಗಳಲ್ಲಿ ಮ್ಯಾರೇಜ್ ಕೌನ್ಸೆಲರ್ ಅಂತ ಇರ್ತಾರೆ, ಕೋರ್ಟ್‌ನದ್ದೇ ಸಿಬ್ಬಂದಿ. ಮುಂಬೈಯವ್ರಿಗೆ ಬಾಂದ್ರಾ ಈಸ್ಟ್‌ನ ಬಿಕೆಸಿ ಕೋರ್ಟ್, ಪುಣೆಯವ್ರಿಗೆ ಶಿವಾಜಿನಗರ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲೇ ಕೋರ್ಟ್ ಮೊದ್ಲು ಸೆಟ್ಲ್‌ಮೆಂಟ್‌ಗೆ ಪ್ರಯತ್ನ ಮಾಡ್ಬೇಕು ಅಂತಿದೆ, ಅದಕ್ಕೆ ಕೇಸ್ ಹಾಕಿದ ಮೇಲೆ ನಿಮ್ಮನ್ನ ಮೊದ್ಲು ಕೌನ್ಸೆಲರ್ ಹತ್ರ ಕಳಿಸ್ತಾರೆ. ಅವ್ರು ಮದುವೆ ಉಳಿಯುತ್ತಾ ನೋಡ್ತಾರೆ, ಮಗು ಹೇಗಿದೆ ಅಂತ ಕೇಳ್ತಾರೆ, ಬೇಕಿದ್ರೆ ಮಗುನ್ನ ನೋಡಿ ಜಡ್ಜ್‌ಗೆ ರಿಪೋರ್ಟ್ ಕೊಡ್ತಾರೆ.

ಮೀಡಿಯೇಟರ್ ಅಂದ್ರೆ ಟ್ರೇನಿಂಗ್ ಆದ ವಕೀಲರೋ, ರಿಟೈರ್ ಆದ ಜಡ್ಜೋ. ಕೋರ್ಟ್ ಮೂಲಕ ಹೋದ್ರೆ ನೀವು ಒಂದು ಪೈಸೆ ಫೀಸ್ ಕೊಡ್ಬೇಕಿಲ್ಲ. ಅವ್ರು ತೀರ್ಪು ಕೊಡೋ ಹಾಗಿಲ್ಲ, ನಿಮ್ದು ತಪ್ಪು ಅವ್ರದ್ದು ಸರಿ ಅನ್ನೋ ಹಾಗಿಲ್ಲ, ಸೈನ್ ಮಾಡ್ಲೇಬೇಕು ಅನ್ನೋಕೂ ಆಗಲ್ಲ.

ಕೇಸೇ ಹಾಕದೆ ಹೋಗೋದೂ ಆಗ್ತದೆ. ಜಿಲ್ಲಾ ಲೀಗಲ್ ಸರ್ವಿಸಸ್ ಅಥಾರಿಟಿಗೆ ಒಂದು ಅರ್ಜಿ ಕೊಟ್ರೆ ಎದುರು ಪಾರ್ಟಿಗೆ ನೋಟೀಸ್ ಕಳಿಸ್ತಾರೆ, ಬಂದ್ರೆ ಮಾತುಕತೆ. ಹೆಂಗಸರಿಗೆ ಅಲ್ಲಿ ಸಂಬಳ ಎಷ್ಟೇ ಇರ್ಲಿ ಫ್ರೀ ವಕೀಲರು ಸಿಗ್ತಾರೆ, 1987ರ ಕಾಯ್ದೆಯ ಸೆಕ್ಷನ್ 12, ಫೋನ್ ನಂಬರ್ 15100. ನಮ್ಮವ್ರಲ್ಲಿ ಇದು ಗೊತ್ತಿರೋರೇ ಕಮ್ಮಿ, ಚಿನ್ನ ಅಡ ಇಟ್ಟು ವಕೀಲರಿಗೆ ಅಡ್ವಾನ್ಸ್ ಕೊಟ್ಟವ್ರನ್ನ ನೋಡಿದ್ದೇನೆ.

ಪ್ರೈವೇಟ್ ಮೀಡಿಯೇಟರ್‌ಗಳೂ ಇದ್ದಾರೆ, ದುಡ್ಡು ಕೊಡ್ಬೇಕು, ಟೈಮ್ ನಿಮ್ಗೆ ಬೇಕಾದ ಹಾಗೆ. 2023ರಲ್ಲಿ ಮೀಡಿಯೇಷನ್ ಆಕ್ಟ್ ಅಂತ ಬಂತು, 120 ದಿನದೊಳಗೆ ಮುಗಿಸ್ಬೇಕು, ಇಬ್ರೂ ಒಪ್ಪಿದ್ರೆ ಇನ್ನೂ 60 ದಿನ ಅಂತೆಲ್ಲ ಅದ್ರಲ್ಲಿ ಬರ್ದಿದೆ, ಆದ್ರೆ ಎಲ್ಲ ಸೆಕ್ಷನ್ ಒಟ್ಟಿಗೆ ಜಾರಿ ಮಾಡ್ಲಿಲ್ಲ, ಹಂತ ಹಂತವಾಗಿ ತರ್ತಿದ್ದಾರೆ. ಪ್ರೈವೇಟ್ ಆಗಿ ಏನೇ ಒಪ್ಪಂದ ಆದ್ರೂ ಡಿವೋರ್ಸ್ ಕೊಡೋದು ಕೋರ್ಟೇ, ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿ "ನಮ್ದು ಡಿವೋರ್ಸ್ ಆಯ್ತು" ಅಂತ ಎರಡನೇ ಮದುವೆ ಮಾಡ್ಕೊಳ್ಳೋಕೆ ಹೋಗ್ಬೇಡಿ ಮಾರಾಯ್ರೆ.

ಹೋಮ್‌ವರ್ಕ್, ಇದೇ ಅರ್ಧ ಕೆಲಸ

ನನ್ನ ಮೊದಲ್ನೇ ಸಿಟ್ಟಿಂಗ್‌ನಲ್ಲಿ ಮೀಡಿಯೇಟರ್ ಮೇಡಂ ಕೇಳಿದ್ರು, ಮಗಳಿಗೆ ತಿಂಗಳಿಗೆ ಎಷ್ಟು ಖರ್ಚಾಗ್ತದೆ ಅಂತ. ನಾನು "ತುಂಬಾ ಆಗ್ತದೆ ಮೇಡಂ" ಅಂದೆ. ಅವ್ರು ಪೆನ್ ಹಿಡ್ಕೊಂಡು ಕಾಯ್ತಾನೇ ಇದ್ರು. ಎದುರಿಂದ ನನ್ನ ಗಂಡ "5,000 ಸಾಕು, ಸಣ್ಣ ಮಗು" ಅಂದ್ರು. ನನ್ನ ಹತ್ರ ಅದನ್ನ ಸುಳ್ಳು ಅಂತ ತೋರ್ಸೋಕೆ ಏನೂ ಇರ್ಲಿಲ್ಲ.

ಮನೆಗೆ ಬಂದು ಮಗಳ ಹಳೇ ಡ್ರಾಯಿಂಗ್ ಬುಕ್ಕಿನ ಖಾಲಿ ಪೇಜ್‌ನಲ್ಲಿ ಬರ್ದೆ. ಸ್ಕೂಲ್ ಫೀಸ್ ತಿಂಗಳ ಲೆಕ್ಕಕ್ಕೆ 4,200, ವ್ಯಾನ್ 1,800, ಟ್ಯೂಷನ್ 2,000, ಭರತನಾಟ್ಯ 1,000, ಊಟ ಹಾಲು ಬಟ್ಟೆ ಡಾಕ್ಟರ್ ಎಲ್ಲ ಸೇರಿ 6,000. ಒಟ್ಟು 15,000. ಮುಂದಿನ ಸಿಟ್ಟಿಂಗ್‌ಗೆ ರಸೀದಿಗಳ ಜೊತೆ ಆ ಪೇಜ್ ಟೇಬಲ್ ಮೇಲೆ ಇಟ್ಟೆ, ಹಿಂದುಗಡೆ ಅರ್ಧ ಬಿಡಿಸಿದ ಆನೆ ಇತ್ತು. ನನ್ನ ಗಂಡ ತುಂಬಾ ಹೊತ್ತು ಆ ಕಾಗದ ತಿರುಗಿಸಿ ಮುರುಗಿಸಿ ನೋಡಿದ್ರು, 5,000 ಅನ್ನೋ ಮಾತು ಮತ್ತೆ ಬರ್ಲಿಲ್ಲ. ಕೊನೆಗೆ 14,000ಕ್ಕೆ ಬಂದು ನಿಂತಿತು, ವರ್ಷ ವರ್ಷ ಏರ್ಸೋದು ಅಂತ.

ಹಾಗಾಗಿ ಒಂದು ಫೈಲ್ ಮಾಡಿ. ಮದುವೆ ಸರ್ಟಿಫಿಕೇಟ್, ಇಲ್ದಿದ್ರೆ ಲಗ್ನಪತ್ರಿಕೆ ಮತ್ತು ಫೋಟೋ, ಇಬ್ರ ಆಧಾರ್ ಪ್ಯಾನ್, ಮಗುವಿನ ಬರ್ತ್ ಸರ್ಟಿಫಿಕೇಟ್, ನಿಮ್ಮ ಸ್ಯಾಲರಿ ಸ್ಲಿಪ್, ಮೂರು ವರ್ಷದ ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಫ್ಲಾಟ್ ಅಗ್ರಿಮೆಂಟ್, ಸೊಸೈಟಿ ಶೇರ್ ಸರ್ಟಿಫಿಕೇಟ್, ಲೋನ್ ಎಷ್ಟು ಬಾಕಿ ಅನ್ನೋ ಬ್ಯಾಂಕ್ ಲೆಟರ್, ಎಲ್‌ಐಸಿ, ಪಿಎಫ್, ಮ್ಯೂಚುಯಲ್ ಫಂಡ್. ಕೋರ್ಟ್‌ನಲ್ಲಿ ಮೇಂಟೆನೆನ್ಸ್ ವಿಷಯ ಬಂದ್ರೆ ಇಬ್ರೂ ಆಸ್ತಿ-ಸಾಲದ ಅಫಿಡವಿಟ್ ಕೊಡ್ಲೇಬೇಕು, ಅದೂ ಆ 2020ರ ತೀರ್ಪಿಂದಾನೇ ಬಂದದ್ದು, ಹಾಗಾಗಿ ಈ ಕೆಲಸ ಹೇಗಿದ್ರೂ ತಪ್ಪಲ್ಲ. ಪುಣೆ ಹಿಂಜವಡಿಯ ಐಟಿಯವ್ರು ಕಂಪನಿ ಶೇರ್‌ಗಳನ್ನ ಮರೀಬೇಡಿ, ಸ್ಯಾಲರಿ ಸ್ಲಿಪ್‌ನಲ್ಲಿ ಅದು ಪೂರ್ತಿ ಕಾಣಲ್ಲ. ಹೋಟೆಲ್ ಬಿಸಿನೆಸ್‌ನವ್ರದ್ದು ಇನ್ನೂ ಕಷ್ಟ, ನಮ್ಮ ಊರಿನ ಎಷ್ಟೋ ಹೋಟೆಲ್‌ಗಳು ಅಣ್ಣನ ಹೆಸ್ರಲ್ಲಿ, ಮಾವನ ಹೆಸ್ರಲ್ಲಿ, ಪಾರ್ಟ್‌ನರ್‌ಶಿಪ್‌ನಲ್ಲಿ, ಗಲ್ಲಾಪೆಟ್ಟಿಗೆ ದುಡ್ಡು ಯಾವ ಪೇಪರ್‌ನಲ್ಲೂ ಇರಲ್ಲ. ಅಂಥ ಕಡೆ ಆದಾಯ ಹುಡ್ಕೋದ್ಕಿಂತ ಖರ್ಚು ತೋರ್ಸಿ, ಯಾವ ಕಾರ್, ಯಾವ ಸ್ಕೂಲ್, ಊರಲ್ಲಿ ಮನೆ ಕಟ್ಟಿದ್ದು ಯಾವಾಗ.

ಆಮೇಲೆ ಮೂರು ನಂಬರ್ ಬರ್ದಿಟ್ಕೊಳ್ಳಿ, ಯಾರಿಗೂ ತೋರ್ಸ್ಬೇಡಿ. ನಿಮ್ಗೆ ಸಿಕ್ಕಿದ್ರೆ ಖುಷಿ ಆಗೋದು ಎಷ್ಟು, ಸರಿ ಅನ್ಸೋದು ಎಷ್ಟು, ಇದ್ಕಿಂತ ಕೆಳಗೆ ಹೋದ್ರೆ ಎದ್ದು ಬರೋದು ಎಷ್ಟು. ಮೂರನೇದು ಬರ್ದಿಲ್ಲಾಂದ್ರೆ ಸುಸ್ತಾದ ಹೊತ್ತಲ್ಲಿ ಯಾವ್ದಕ್ಕೋ ಹೂಂ ಅಂದ್ಬಿಡ್ತೀರಿ.

ಯಾರನ್ನ ಕರ್ಕೊಂಡು ಹೋಗೋದು

ಇದು ಕಟುವಾಗಿ ಕೇಳ್ಬಹುದು, ಅಪ್ಪಯ್ಯ ಅಮ್ಮನ್ನ ರೂಮ್ ಒಳಗೆ ಕರ್ಕೊಂಡು ಹೋಗ್ಬೇಡಿ. ಹೊರಗೆ ಇರ್ಲಿ. ನಮ್ಮ ಒಂದು ಸಿಟ್ಟಿಂಗ್ ಹಾಳಾಗಿದ್ದೇ ನನ್ನ ಮಾವ, ಅಮ್ಮನ ತಮ್ಮ, ಒಳಗೆ ಬಂದು "ಮದುವೆಲಿ 600 ಜನಕ್ಕೆ ಊಟ ಹಾಕಿದ್ದು ನಾವು" ಅಂತ ಶುರು ಮಾಡಿದ್ದಕ್ಕೆ, ಅಲ್ಲಿಂದ ಅತ್ತೆ "ಆ ಊಟದಲ್ಲಿ ಉಪ್ಪೇ ಇರ್ಲಿಲ್ಲ" ಅಂದ್ರು, ಮೇಡಂ ಇಬ್ರನ್ನೂ ಹೊರಗೆ ಕಳ್ಸೋ ಹೊತ್ತಿಗೆ ಟೈಮೇ ಮುಗ್ದಿತ್ತು. ಅವ್ರಿಗೂ ನೋವಿದೆ ಒಪ್ಕೊಳ್ತೇನೆ. ಆದ್ರೆ ಸೈನ್ ಮಾಡೋದು ನೀವಿಬ್ರೇ.

ವಕೀಲರು? ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 13ರ ಪ್ರಕಾರ ವಕೀಲರನ್ನ ಇಟ್ಕೊಳ್ಳೋದು ಹಕ್ಕು ಅಂತಲ್ಲ, ಕೋರ್ಟ್ ಪರ್ಮಿಷನ್ ಬೇಕು, ಪ್ರಾಕ್ಟೀಸ್‌ನಲ್ಲಿ ಕೊಡ್ತಾರೆ. ಮೀಡಿಯೇಷನ್‌ನಲ್ಲಿ ಮಾತಾಡೋದು ನೀವೇ, ಟರ್ಮ್ಸ್ ಬರ್ಯೋವಾಗ ಮಾತ್ರ ವಕೀಲರು ಪಕ್ಕ ಇರ್ಲೇಬೇಕು. ಎದುರಿನವ್ರ ವಕೀಲರೇ ಬರ್ದ ಡ್ರಾಫ್ಟ್‌ಗೆ ಓದ್ದೆ ಸೈನ್ ಮಾಡಿದವ್ರು ಆಮೇಲೆ ಪಟ್ಟ ಪಾಡು ನಂಗೆ ಗೊತ್ತು.

ಭಾಷೆ ವಿಷಯ. ಅಲ್ಲಿ ಮಾತು ನಡೆಯೋದು ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲಿ. ಊರಿಂದ ಮದುವೆ ಆಗಿ ಬಂದು ವರ್ಷ ಎರಡು ವರ್ಷ ಆದ ಹುಡುಗಿಯರಿಗೆ ಮೂರೂ ಅರ್ಧಂಬರ್ಧ. ಕನ್ನಡ ಗೊತ್ತಿರೋ ಮೀಡಿಯೇಟರ್ ಇದ್ದಾರಾ ಅಂತ ಕೇಳಿ ನೋಡಿ, ಇಲ್ದಿದ್ರೆ ಭಾಷೆ ಹೇಳೋಕೆ ಒಬ್ರನ್ನ ಕೂರ್ಸೋಕೆ ಪರ್ಮಿಷನ್ ತಗೊಳ್ಳಿ. ಅರ್ಥ ಆಗ್ದೆ ತಲೆ ಆಡಿಸ್ಬೇಡಿ, ಅಲ್ಲಿ ತಲೆ ಆಡಿಸಿದ್ರೆ ಒಪ್ಪಿಗೆ ಅಂತ ಬರ್ಕೊಂಡ್ಬಿಡ್ತಾರೆ.

ರೂಮ್ ಒಳಗೆ

ಮೊದ್ಲು ಮೀಡಿಯೇಟರ್ ಇಬ್ರನ್ನೂ ಕೂರ್ಸಿ ನಿಯಮ ಹೇಳ್ತಾರೆ. ಒಬ್ರು ಮಾತಾಡೋವಾಗ ಇನ್ನೊಬ್ರು ಸುಮ್ಮನಿರ್ಬೇಕು, ರೆಕಾರ್ಡಿಂಗ್ ಇಲ್ಲ, ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಈ ಕೊನೇದು ಸುಮ್ಮನೆ ಬಾಯಿ ಮಾತಲ್ಲ. ಮೀಡಿಯೇಷನ್‌ನಲ್ಲಿ ಆಡಿದ ಮಾತು ಆಮೇಲೆ ಕೋರ್ಟ್‌ನಲ್ಲಿ ಸಾಕ್ಷಿ ಆಗಲ್ಲ, ಸೆಟ್ಲ್ ಆಗ್ದಿದ್ರೆ ಮೀಡಿಯೇಟರ್ ಜಡ್ಜ್‌ಗೆ "ಆಗ್ಲಿಲ್ಲ" ಅಂತ ಮಾತ್ರ ಬರೀಬೇಕು, ಯಾರು ಏನು ಆಫರ್ ಕೊಟ್ರು ಅಂತ ಬರೀಬಾರ್ದು, 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದಿದು. ಹಾಗಾಗಿ ನಾನು 10 ಅಂದ್ರೆ ನಾಳೆ ಕೋರ್ಟ್‌ನಲ್ಲಿ ಅದೇ ಹಿಡ್ಕೊಳ್ತಾರೆ ಅನ್ನೋ ಹೆದರಿಕೆ ಬೇಡ.

ಆಮೇಲೆ ಒಬ್ಬೊಬ್ರನ್ನೇ ಬೇರೆ ಬೇರೆ ಕರೀತಾರೆ. ನಿಜವಾದ ಕೆಲಸ ನಡೆಯೋದು ಆಗ್ಲೇ. ಇದನ್ನ ಅವ್ರಿಗೆ ಹೇಳ್ಬೇಡಿ ಅಂತ ನೀವು ಹೇಳಿದ್ದನ್ನ ಅವ್ರು ಹೇಳೋ ಹಾಗಿಲ್ಲ. ನಾನು ಆವಾಗ್ಲೇ ಹೇಳಿದ್ದು, ನಂಗೆ ದುಡ್ಡಿಗಿಂತ ಮಗಳ ಸ್ಕೂಲ್ ಬದಲಾಗ್ಬಾರ್ದು ಅನ್ನೋದೇ ಮುಖ್ಯ ಅಂತ. ಅದೇ ಹೊತ್ತಿಗೆ ನನ್ನ ಗಂಡ ಆ ಕಡೆ ಹೇಳಿದ್ರಂತೆ, ಪೊಲೀಸ್ ಕಂಪ್ಲೇಂಟ್ ವಾಪಸ್ ಆಗ್ದೆ ಒಂದು ರೂಪಾಯಿನೂ ಕೊಡಲ್ಲ ಅಂತ. ಎರಡೂ ಗೊತ್ತಿದ್ದದ್ದು ಮೇಡಂ ಒಬ್ರಿಗೇ, ಎರಡನ್ನೂ ಸೇರ್ಸಿ ಒಂದು ದಾರಿ ಮಾಡಿದ್ದೂ ಅವ್ರೇ.

ಹಳೇ ಜಗಳ ಎತ್ಬಾರ್ದು ಅಂತ ನಾನು ಹೇಳಲ್ಲ, ಹತ್ತು ನಿಮಿಷ ಎತ್ತಿ, ಹೊಟ್ಟೆಲಿರೋದು ಹೊರಗೆ ಬರ್ಲಿ. ಆಮೇಲೆ ಪೇಪರ್ ತೆಗೀರಿ. ಮೂರ್ನಾಲ್ಕು ಸಿಟ್ಟಿಂಗ್ ಆಗ್ತದೆ ಅಂತ ಇಟ್ಕೊಳ್ಳಿ, ಆಫೀಸ್‌ಗೆ ಅರ್ಧ ದಿನದ ರಜೆ ಸಾಲಲ್ಲ, ಪೂರ್ತಿ ಹಾಕಿ.

ದುಡ್ಡು ಮತ್ತು ಫ್ಲಾಟ್

ತಿಂಗಳ ತಿಂಗಳ ದುಡ್ಡಾ, ಒಂದೇ ಸಲನಾ? ನನ್ನ ಅಭಿಪ್ರಾಯ ಕೇಳಿದ್ರೆ ಹೆಂಡತಿಗೆ ಕೊಡೋದು ಒಂದೇ ಸಲ, ಮಗುವಿಗೆ ಕೊಡೋದು ತಿಂಗಳ ತಿಂಗಳ. ತಿಂಗಳ ದುಡ್ಡಿಗಾಗಿ ಹತ್ತು ವರ್ಷ ಹಿಂದೆ ಬೀಳೋದು ಯಾರಿಗೆ ಬೇಕು, ಅದೂ ಅಲ್ದೆ ಒಂದೇ ಸಲ ಬರೋ ಆಲಿಮನಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ತಿಂಗಳ ತಿಂಗಳ ಬರೋದು ಆದಾಯ ಅಂತ ಲೆಕ್ಕ ಆಗ್ಬಹುದು, ಸಿಎ ಹತ್ರ ಒಂದ್ಸಲ ಕೇಳ್ಕೊಳ್ಳಿ. ಆದ್ರೆ ಮಗುವಿನ ಹಕ್ಕನ್ನ ಅಪ್ಪ ಅಮ್ಮ ಸೇರ್ಕೊಂಡು ಬಿಟ್ಕೊಡೋಕೆ ಆಗಲ್ಲ. "ಮಗುವಿಗೆ ಏನೂ ಬೇಡ, ಬಿಟ್ರೆ ಸಾಕು" ಅಂತ ಬರ್ಕೊಟ್ರೂ ನಾಳೆ ಮಗುವಿನ ಪರವಾಗಿ ಕೇಳ್ಬಹುದು.

ಮದುವೆ ಆದ್ಮೇಲೆ ಎಲ್ಲದ್ರಲ್ಲೂ ಅರ್ಧ ಹೆಂಡತಿದ್ದು ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ, ಕರ್ನಾಟಕದಲ್ಲೂ ಇಲ್ಲ. ಗಂಡನ ಹೆಸ್ರಲ್ಲಿರೋ ಫ್ಲಾಟ್ ತನ್ನಿಂತಾನೆ ಅರ್ಧ ಆಗಲ್ಲ, ಮಾತಾಡಿಯೇ ತಗೋಬೇಕು. ಅರ್ಧ-ಅರ್ಧ ಅನ್ನೋದು ಇರೋದು ಗೋವಾದಲ್ಲಿ, ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್‌ನಿಂದ ಬಂದ ಪದ್ಧತಿ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಲ್ಲಾಂದ್ರೆ ಆಸ್ತಿ ಇಬ್ರದ್ದೂ. ಮಡ್ಗಾಂವ್, ವಾಸ್ಕೋದಲ್ಲಿರೋ ನಮ್ಮವ್ರು ಅಲ್ಲಿಯ ವಕೀಲರನ್ನೇ ಹಿಡೀರಿ, ಮುಂಬೈ ವಕೀಲರ ಮಾತು ಅಲ್ಲಿ ನಡಿಯಲ್ಲ.

ಜಂಟಿ ಹೋಮ್‌ಲೋನ್ ಇದ್ರೆ ಹುಷಾರ್. ಲೋನ್ ಇನ್ಮೇಲೆ ಗಂಡ ಕಟ್ತಾನೆ ಅಂತ ನೀವಿಬ್ರು ಬರ್ಕೊಂಡ್ರೆ ಅದು ನಿಮ್ಮಿಬ್ರ ಮಧ್ಯೆ, ಬ್ಯಾಂಕ್‌ಗೆ ಸಂಬಂಧ ಇಲ್ಲ, ಅವ್ರು ಕಟ್ದಿದ್ರೆ ನಿಮ್ಮ ಸಿಬಿಲ್ ಸ್ಕೋರೂ ಬೀಳ್ತದೆ. ಬ್ಯಾಂಕ್‌ನಿಂದ ನಿಮ್ಮ ಹೆಸ್ರು ತೆಗ್ಸಿದ ಲೆಟರ್ ಬರೋವರೆಗೆ ಫ್ಲಾಟ್ ಮೇಲಿನ ಹಕ್ಕು ಬಿಟ್ಕೊಡ್ಬೇಡಿ. ಫ್ಲಾಟ್ ಒಬ್ರಿಂದ ಇನ್ನೊಬ್ರಿಗೆ ಹೋಗೋದಾದ್ರೆ ಟೈಮಿಂಗ್ ನೋಡಿ, ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿ ಮಧ್ಯೆ ಮನೆ ಗಿಫ್ಟ್ ಕೊಟ್ರೆ ಸ್ಟ್ಯಾಂಪ್ ಡ್ಯೂಟಿ 200 ರೂಪಾಯಿ, ಅದರ ಮೇಲೆ ಬೇರೆ ಚಾರ್ಜ್ ಇರ್ತದೆ ಅಷ್ಟೇ. ಡಿವೋರ್ಸ್ ಆದ್ಮೇಲೆ ನೀವು ಗಂಡ ಹೆಂಡತಿ ಅಲ್ಲ, ಆ ರಿಯಾಯಿತಿನೂ ಇಲ್ಲ.

ಚಿನ್ನ, ಪಾತ್ರೆ, ಗ್ರೈಂಡರ್

ಸ್ತ್ರೀಧನ, ಅಂದ್ರೆ ಮದುವೆಲಿ ಹುಡುಗಿಗೆ ಅಂತ ಕೊಟ್ಟ ಚಿನ್ನ ಸಾಮಾನು, ಹೆಂಡತಿದ್ದೇ, ಅದ್ರಲ್ಲಿ ಚೌಕಾಸಿ ಇಲ್ಲ, 1985ರಿಂದ ಸುಪ್ರೀಂ ಕೋರ್ಟ್ ಹೇಳ್ತಾ ಬಂದಿದೆ. ತೊಂದ್ರೆ ಬರೋದು ಯಾವ್ದು ಎಷ್ಟಿತ್ತು ಅನ್ನೋದಕ್ಕೆ. ಮದುವೆ ಆಲ್ಬಮ್ ತೆಗೀರಿ, ಕೊರಳಲ್ಲಿ ಏನಿತ್ತು ನೋಡಿ, ಅಂಗಡಿ ಬಿಲ್ ಹುಡ್ಕಿ, ಲಿಸ್ಟ್ ಮಾಡಿ. ಲೆಕ್ಕ ಗ್ರಾಮ್‌ನಲ್ಲಿ ಬರ್ಸಿ, ರೂಪಾಯಿಲಿ ಬರ್ಸ್ಬೇಡಿ, ಇವತ್ತಿನ ರೇಟ್ ಹಾಕಿ ಬರ್ದು ಎಂಟು ತಿಂಗಳಾದ್ಮೇಲೆ ದುಡ್ಡು ಕೊಟ್ರೆ ನಷ್ಟ ಯಾರಿಗೆ? ವಾಪಸ್ ತಗೊಳ್ಳೋವಾಗ ತೂಕ ಮಾಡಿಸಿ, ಇಬ್ರೂ ಸೈನ್ ಮಾಡಿದ ರಸೀದಿ ಇಟ್ಕೊಳ್ಳಿ.

ಸಣ್ಣ ಸಾಮಾನಿಗೆ ಸಿಕ್ಕಿ ಹಾಕ್ಕೊಳ್ಳೋದೇ ಜಾಸ್ತಿ. ಆಲಿಮನಿ ಅರ್ಧ ಗಂಟೆಲಿ ಮುಗ್ದಿತ್ತು ನಮ್ದು. ಅಮ್ಮ ಕೊಟ್ಟ ಎರಡು ಲೀಟರ್ ವೆಟ್ ಗ್ರೈಂಡರ್ ಮೇಲೆ ಮುಕ್ಕಾಲು ಗಂಟೆ. ಅತ್ತೆಗೆ ಅದಿಲ್ದೆ ದೋಸೆ ಹಿಟ್ಟು ಆಗಲ್ಲ, ನಂಗೆ ಅದು ಅಮ್ಮ ಕೊಟ್ಟಿದ್ದು. ಮೇಡಂ ಮರಾಠಿಯವ್ರು, ಒಂದು ಗ್ರೈಂಡರ್‌ಗೆ ಇಷ್ಟು ಯಾಕೆ ಅಂತ ಅವ್ರಿಗೆ ಅರ್ಥನೇ ಆಗ್ಲಿಲ್ಲ. ಇಂಥದ್ದಕ್ಕೆ ಒಂದು ಉಪಾಯ, ಸಾಮಾನಿನ ಲಿಸ್ಟ್ ಅನ್ನ ಮೊದಲೇ ಬೇರೆ ಕಾಗದದಲ್ಲಿ ಮಾಡಿ ಎದುರಿನವ್ರಿಗೆ ವಾಟ್ಸಾಪ್‌ನಲ್ಲಿ ಕಳ್ಸಿ, ಅವ್ರು ಒಪ್ಪದ ಐಟಮ್ ಮಾತ್ರ ರೂಮ್‌ಗೆ ತನ್ನಿ.

ಮಗು

ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ಅಮ್ಮನ ಹತ್ರ ಅಂತ ಹಿಂದೂಗಳ 1956ರ ಗಾರ್ಡಿಯನ್‌ಶಿಪ್ ಕಾಯ್ದೆಲಿದೆ. ಅದಾದ್ಮೇಲೆ ಮಗುವಿನ ಹಿತ ಯಾವ್ದು ಅನ್ನೋದೇ ಲೆಕ್ಕ. ಮೀಡಿಯೇಷನ್‌ನಲ್ಲಿ ಕಸ್ಟಡಿ ಯಾರಿಗೆ ಅಂತ ಬರ್ದು ಮುಗಿಸ್ಬೇಡಿ, ಕ್ಯಾಲೆಂಡರ್ ಬಿಚ್ಚಿ ಕೂರಿ. "ರೀಸನಬಲ್ ಆಕ್ಸೆಸ್" ಅಂತ ಡ್ರಾಫ್ಟ್‌ನಲ್ಲಿ ಇದ್ರೆ ಹೊಡೆದು ಹಾಕ್ಸಿ, ಅದ್ರಿಂದ್ಲೇ ಆಮೇಲೆ ಎಲ್ಲ ಜಗಳ ಹುಟ್ಟೋದು. ಯಾವ ಶನಿವಾರ, ಎಷ್ಟು ಗಂಟೆಗೆ, ಎಲ್ಲಿಂದ ಕರ್ಕೊಂಡು ಹೋಗೋದು, ವಾಪಸ್ ಬಿಡೋದು ಯಾರು. ಗಣೇಶ ಚೌತಿ ಯಾರ ಮನೇಲಿ, ದೀಪಾವಳಿ ರಜೆ ಅರ್ಧ ಅರ್ಧ ಹೇಗೆ. ಬರ್ತ್‌ಡೇ, ಸ್ಕೂಲ್ ಗ್ಯಾದರಿಂಗ್‌ಗೆ ಇಬ್ರೂ ಬರ್ಬಹುದಾ. ವಿಡಿಯೋ ಕಾಲ್ ಎಷ್ಟು ಹೊತ್ತಿಗೆ.

ನಮ್ಮವ್ರಿಗೆ ಇನ್ನೊಂದು ಸ್ಪೆಷಲ್ ವಿಷಯ ಉಂಟು, ಮೇ ತಿಂಗಳಲ್ಲಿ ಊರಿಗೆ ಹೋಗೋದು. ನಮ್ಮ ಟರ್ಮ್ಸ್‌ನಲ್ಲಿ ಬರ್ಸಿದ್ದು ಹೀಗೆ: ರಜೆಯ ಮೊದಲ ಅರ್ಧ ಕುಂದಾಪುರದಲ್ಲಿ ಅಜ್ಜಿ ಮನೆ, ಎರಡನೇ ಅರ್ಧ ಅಪ್ಪನ ಜೊತೆ, ಅವ್ರು ಊರಿಗೇ ಬಂದು ಕರ್ಕೊಂಡು ಹೋಗೋದಾದ್ರೆ ಟ್ರೇನ್ ಟಿಕೆಟ್ ಅವ್ರದ್ದು. ಮತ್ಸ್ಯಗಂಧ ಟಿಕೆಟ್ ಮೇನಲ್ಲಿ ಸಿಗೋ ಕಷ್ಟ ಎಲ್ರಿಗೂ ಗೊತ್ತು, ಅದಕ್ಕೆ ತಾರೀಕು ಎರಡೂವರೆ ತಿಂಗಳು ಮುಂಚೆ ಮೆಸೇಜ್ ಮಾಡ್ಬೇಕು ಅಂತ್ಲೂ ಸೇರ್ಸಿದ್ವಿ. ವಕೀಲರು ನಕ್ಕಿದ್ರು. ಇವತ್ತಿನ ತನಕ ಆ ಷರತ್ತಿನ ಮೇಲೆ ಒಂದು ಜಗಳ ಆಗಿಲ್ಲ.

ಪಾಸ್‌ಪೋರ್ಟ್‌ಗೆ ಇಬ್ರ ಒಪ್ಪಿಗೆ, ಫಾರಿನ್‌ಗೆ ಕರ್ಕೊಂಡು ಹೋಗೋಕೆ ಪರ್ಮಿಷನ್, ಸ್ಕೂಲ್ ಬದಲಾಯಿಸೋ ನಿರ್ಧಾರ ಯಾರದ್ದು, ಇದೆಲ್ಲ ಈಗ್ಲೇ ಬರ್ಸಿ. ಮಗುನ್ನ ರೂಮ್‌ಗೆ ತಂದು "ಹೇಳು ಪುಟ್ಟಾ ಯಾರು ಬೇಕು" ಅಂತ ಕೇಳ್ಬೇಡಿ, ಅದನ್ನ ಕೇಳೋದಿದ್ರೆ ಕೌನ್ಸೆಲರ್ ಕೇಳ್ತಾರೆ, ಅವ್ರಿಗೆ ಕೇಳೋ ರೀತಿ ಗೊತ್ತಿದೆ.

ಕನ್ಸೆಂಟ್ ಟರ್ಮ್ಸ್ ಬರ್ಯೋದು

ಇಲ್ಲಿ ಒಪ್ಪಂದದ ಪೇಪರ್‌ಗೆ ಕನ್ಸೆಂಟ್ ಟರ್ಮ್ಸ್ ಅಂತ್ಲೇ ಹೇಳೋದು. ಹಿಂದೂ ಮ್ಯಾರೇಜ್ ಆಕ್ಟ್‌ನಲ್ಲಿ ಪರಸ್ಪರ ಒಪ್ಪಿಗೆಯ ಡಿವೋರ್ಸ್ ಸೆಕ್ಷನ್ 13ಬಿ. ಒಂದು ವರ್ಷ ಬೇರೆ ಇದ್ದಿರ್ಬೇಕು, ಮೊದಲ್ನೇ ಮೋಷನ್ (ಇಬ್ರೂ ಸೇರಿ ಅರ್ಜಿ ಕೊಡೋದು) ಆಗಿ ಆರು ತಿಂಗಳಾದ್ಮೇಲೆ, ಹದಿನೆಂಟು ತಿಂಗಳೊಳಗೆ ಎರಡನೇ ಮೋಷನ್ (ಒಪ್ಪಿಗೆ ಇನ್ನೂ ಇದೆ ಅಂತ ಮತ್ತೆ ಹೇಳೋದು). 2017ರ ಅಮರದೀಪ್ ಸಿಂಗ್ ತೀರ್ಪಿನಿಂದ ಆ ಆರು ತಿಂಗಳನ್ನ ಕೋರ್ಟ್ ಮನ್ನಾ ಮಾಡ್ಬಹುದು, ಒಂದೂವರೆ ವರ್ಷ ಬೇರೆ ಇದ್ದು, ಮೀಡಿಯೇಷನ್ ಎಲ್ಲ ಮುಗ್ದು, ದುಡ್ಡು-ಮಗು ಎರಡೂ ಸೆಟ್ಲ್ ಆಗಿದ್ರೆ. ಮೊದ್ಲು ಜಗಳದ ಪಿಟಿಷನ್ ಹಾಕಿದ್ರೂ ಅದನ್ನ ಮ್ಯೂಚುಯಲ್‌ಗೆ ಕನ್ವರ್ಟ್ ಮಾಡ್ಬಹುದು, ಮೀಡಿಯೇಷನ್‌ನಲ್ಲಿ ಸೆಟ್ಲ್ ಆದವ್ರದ್ದು ಜಾಸ್ತಿ ಹಾಗೇ ಆಗೋದು. ಕ್ರಿಶ್ಚಿಯನ್ನರಿಗೆ ಡಿವೋರ್ಸ್ ಆಕ್ಟ್‌ನ 10ಎ, ಮುಸ್ಲಿಮರಲ್ಲಿ ಮುಬಾರತ್ ಇದೆ, ದಾರಿ ಬೇರೆ, ಮೀಡಿಯೇಷನ್ ತಯಾರಿ ಒಂದೇ.

ಎರಡನೇ ಮೋಷನ್ ತನಕ ಯಾರು ಬೇಕಿದ್ರೂ ಒಪ್ಪಿಗೆ ವಾಪಸ್ ತಗೋಬಹುದು ಅನ್ನೋದೇ ಇದ್ರ ದೊಡ್ಡ ರಿಸ್ಕ್. ಹಾಗಾಗಿ ದುಡ್ಡನ್ನ ಕಂತು ಮಾಡಿ. ಸ್ವಲ್ಪ ಮೊದಲ್ನೇ ಮೋಷನ್ ದಿನ, ಸ್ವಲ್ಪ ಎರಡನೇ ಮೋಷನ್‌ಗೆ, ಉಳಿದದ್ದು ಕ್ರಿಮಿನಲ್ ಕೇಸ್ ಕ್ವಾಶ್ ಆಗೋ, ಅಂದ್ರೆ ರದ್ದಾಗೋ ದಿನ, ಡಿಮ್ಯಾಂಡ್ ಡ್ರಾಫ್ಟ್ ಮಾಡಿ ವಕೀಲರ ಹತ್ರವೋ ಕೋರ್ಟ್‌ನಲ್ಲೋ ಇಡೋದು. 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಬಿಎನ್‌ಎಸ್) ಸೆಕ್ಷನ್ 85, ಇದು ಹೆಂಡತಿ ಸ್ಟೇಷನ್‌ಗೆ ಹೋಗಿ ವಾಪಸ್ ತಗೋತೇನೆ ಅಂದ್ರೆ ಮುಗಿಯೋ ಕೇಸ್ ಅಲ್ಲ, ಹೈಕೋರ್ಟ್‌ಗೆ ಹೋಗಿ ಕ್ವಾಶ್ ಮಾಡಿಸ್ಬೇಕು, ಅಲ್ಲಿ ಹೆಂಡತಿ ಅಫಿಡವಿಟ್ ಕೊಡ್ಬೇಕು. ಮುಂಬೈ ಪುಣೆಯವ್ರಿಗೆ ಮುಂಬೈಯ ಬಾಂಬೆ ಹೈಕೋರ್ಟ್, ಗೋವಾದವ್ರಿಗೆ ಪರ್ವರಿಯ ಬೆಂಚ್. ಗಂಡನ ಕಡೆಯವ್ರಿಗೆ ಭಯ ಇದೇ, ದುಡ್ಡು ತಗೊಂಡು ಕ್ವಾಶ್‌ಗೆ ಬರ್ದಿದ್ರೆ ಅಂತ, ಹೆಂಡತಿ ಕಡೆಯವ್ರಿಗೆ ಕ್ವಾಶ್ ಆದ್ಮೇಲೆ ಕೊನೇ ಕಂತು ಕೊಡ್ದಿದ್ರೆ ಅಂತ. ಡಿಡಿ ಕೋರ್ಟ್ ಹಾಲ್‌ನಲ್ಲೇ ಕೈಗೆ ಕೊಡೋದು ಅಂತ ಬರ್ದ್ರೆ ಇಬ್ರಿಗೂ ನಿದ್ದೆ ಬರ್ತದೆ.

ಊರಲ್ಲಿ ಹಾಕಿದ ಕೇಸ್ ಮರೀಬೇಡಿ. ಹೆಂಡತಿ ಉಡುಪಿಯಲ್ಲೋ ಬೆಳಗಾವಿಯಲ್ಲೋ ಮೇಂಟೆನೆನ್ಸ್ ಹಾಕಿರ್ತಾಳೆ, ಗಂಡ ಇಲ್ಲಿ ಡಿವೋರ್ಸ್ ಹಾಕಿರ್ತಾನೆ. ಪ್ರತಿ ಕೇಸ್‌ನ ನಂಬರ್, ಕೋರ್ಟ್ ಹೆಸ್ರು, ಯಾರು ಎಷ್ಟು ದಿನದೊಳಗೆ ವಾಪಸ್ ತಗೋಬೇಕು ಅಂತ ಒಂದೊಂದಾಗಿ ಬರ್ಸಿ. "ಎಲ್ಲ ಕೇಸ್‌ಗಳು" ಅಂತ ಬರ್ದ್ರೆ ಸಾಲಲ್ಲ. ಕಂತು ತಪ್ಪಿದ್ರೆ ಬಡ್ಡಿ ಎಷ್ಟು ಅಂತ್ಲೂ ಇರ್ಲಿ. ಸೈನ್ ಮಾಡೋ ಮುಂಚೆ ಒಂದು ರಾತ್ರಿ ಮನೇಲಿ ಇಟ್ಕೊಂಡು ಓದಿ, ಈಗ್ಲೇ ಮಾಡಿ ಅಂತ ಯಾರು ಅರ್ಜೆಂಟ್ ಮಾಡಿದ್ರೂ ಕೇಳ್ಬೇಡಿ.

ಆಗ್ಲಿಲ್ಲ ಅಂದ್ರೆ

ಕೇಸ್ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರೀತದೆ, ನಿಮ್ಮ ಹೆಸ್ರಿಗೆ ಕಪ್ಪು ಚುಕ್ಕೆ ಬೀಳಲ್ಲ. ಅರ್ಧ ವಿಷಯ ಆದ್ರೆ ಅರ್ಧಕ್ಕೇ ಸೈನ್ ಮಾಡಿ, ಮಗು ಭೇಟಿ ಮಾತ್ರ ಸೆಟ್ಲ್ ಆದ್ರೂ ಲಾಭವೇ. ಆರು ತಿಂಗಳು ಬಿಟ್ಟು ಮತ್ತೆ ಕಳಿಸಿ ಅಂತ ಕೇಳ್ಬಹುದು, ಒಂದೆರಡು ತಾರೀಕಿಗೆ ಓಡಾಡಿ ಸುಸ್ತಾದ್ಮೇಲೆ ಎಷ್ಟೋ ಜನ ಎರಡನೇ ಸಲ ಮೆತ್ತಗಾಗಿ ಬರ್ತಾರೆ. ಸೆಟ್ಲ್ ಆಗಿ ಕನ್ಸೆಂಟ್ ಡಿಕ್ರಿ (ಇಬ್ರ ಒಪ್ಪಿಗೆ ಮೇಲೆ ಕೋರ್ಟ್ ಕೊಡೋ ತೀರ್ಪು) ಬಂದ್ರೆ ಮಾತ್ರ ಅದ್ರ ಮೇಲೆ ಅಪೀಲ್ ಇಲ್ಲ, ನೆನಪಿಟ್ಕೊಳ್ಳಿ.

ಡಿಕ್ರಿ ಕೈಗೆ ಬಂದ್ಮೇಲೆ

ಸರ್ಟಿಫೈಡ್ ಕಾಪಿ ನಾಲ್ಕೈದು ತೆಗ್ಸಿ ಇಟ್ಕೊಳ್ಳಿ, ಬ್ಯಾಂಕ್, ಪಾಸ್‌ಪೋರ್ಟ್, ಮಗು ಸ್ಕೂಲ್ ಎಲ್ಲ ಕಡೆ ಕೇಳ್ತಾರೆ, ಪ್ರತಿ ಸಲ ಬಾಂದ್ರಾಗೆ ಹೋಗೋಕೆ ಯಾರಿಗೆ ಪುರುಸೊತ್ತು. ಪಿಎಫ್, ಎಲ್‌ಐಸಿ, ಡಿಮ್ಯಾಟ್, ಸೊಸೈಟಿ, ನಾಲ್ಕು ಕಡೆ ನಾಮಿನಿ ಬದಲಾಯಿಸಿ ಅದೇ ವಾರ, ಡಿವೋರ್ಸ್ ಆಯ್ತು ಅಂತ ನಾಮಿನೇಷನ್ ತನ್ನಷ್ಟಕ್ಕೆ ಹೋಗಲ್ಲ. ಜಾಯಿಂಟ್ ಅಕೌಂಟ್ ಮುಚ್ಚಿ, ಆಡ್ ಆನ್ ಕ್ರೆಡಿಟ್ ಕಾರ್ಡ್ ಇದ್ರೆ ಅದನ್ನೂ. ಮಗುವಿನ ದುಡ್ಡು ಬರೋಕೆ ಬೇರೆ ಒಂದು ಅಕೌಂಟ್ ಮಾಡಿದ್ರೆ ಬಂದಿದ್ದು ಬರ್ದಿದ್ದು ಎರಡಕ್ಕೂ ಸಾಕ್ಷಿ ಇರ್ತದೆ.

ಸಾಮಾನು ತರೋಕೆ ಒಂದೇ ದಿನ ಒಂದೇ ಟ್ರಿಪ್ ಅಂತ ಫಿಕ್ಸ್ ಮಾಡಿ, ಎರಡೂ ಕಡೆಯಿಂದ ಒಬ್ಬೊಬ್ರು ಜಗಳ ಆಡದ ಜನ ಇರ್ಲಿ, ಲಿಸ್ಟ್‌ಗೆ ಟಿಕ್ ಹಾಕ್ತಾ ಹೋಗ್ಲಿ. ನಮ್ದಕ್ಕೆ ನನ್ನ ತಮ್ಮ ಮತ್ತು ಅವ್ರ ಭಾವ ನಿಂತಿದ್ರು, ಮುಲುಂಡ್ ಸೊಸೈಟಿ ಗೇಟ್ ಹತ್ರ ಟೆಂಪೋ ಹಾಕ್ಕೊಂಡು. ಕೊನೆಗೆ ಗ್ರೈಂಡರ್ ಅತ್ತೆಗೇ ಬಿಟ್ಟಿದ್ದೆ, ಬದ್ಲಿಗೆ ಕಂಚಿನ ದೀಪ ನಂಗೆ ಅಂತ ಬರ್ಸಿದ್ವಿ. ಟೆಂಪೋ ಹೊರಡೋ ಹೊತ್ತಿಗೆ ಅತ್ತೆ ಮೇಲಿಂದ ಇಳ್ದು ಬಂದು ತಮ್ಮನ ಕೈಗೆ ಗ್ರೈಂಡರ್‌ನ ಕಲ್ಲು ಕೊಟ್ರಂತೆ, "ಡ್ರಮ್ ತುಂಬಾ ಭಾರ, ಇನ್ನೊಬ್ರು ಮೇಲೆ ಬಂದು ಎತ್ಕೊಂಡು ಹೋಗಿ" ಅಂತ. ಲಿಸ್ಟ್‌ನಲ್ಲಿ ಇಲ್ಲ ಅಂತ ತಮ್ಮ ನಂಗೆ ಫೋನ್ ಮಾಡಿ ಕೇಳಿದ, ತಗೊಳ್ಳೋದಾ ಬೇಡ್ವಾ ಅಂತ.